‘ಪರ್ಯಾಯ ಲಭ್ಯವಿದ್ದರೆ’ ಎಂಬ ಷರತ್ತನ್ನು ಹೇಗೆ ಓದಬೇಕು?

ಪ್ರಶ್ನೆ:
ಉತ್ಪನ್ನಗಳ ಸುರಕ್ಷತಾ ಪರೀಕ್ಷೆಯಲ್ಲಿ ಪ್ರಾಣಿಗಳ ಬಳಕೆಯನ್ನು ತಗ್ಗಿಸಲು ಹೊರಡುವ ಮಸೂದೆಗಳಲ್ಲಿ ‘ಮಾನ್ಯವಾದ ಪರ್ಯಾಯ ವಿಧಾನ ಲಭ್ಯವಿದ್ದರೆ ಪ್ರಾಣಿಗಳನ್ನು ಬಳಸುವಂತಿಲ್ಲ’ ಎಂಬ ಧಾಟಿಯ ಷರತ್ತು ಇರುತ್ತದೆ. ಲಭ್ಯವಿದೆಯೇ ಇಲ್ಲವೇ ಎಂದು ತೀರ್ಮಾನಿಸುವವರು ಯಾರು? ಈ ಒಂದು ಪದದ ಮರೆಯಲ್ಲಿ ಹಳೆಯ ಪದ್ಧತಿಯೇ ಮುಂದುವರಿಯುವುದಿಲ್ಲವೇ?

ಉತ್ತರ 1:
ಚರ್ಮದ ಉರಿಯೂತದ ಮಟ್ಟಿಗೆ ಲಭ್ಯತೆಯ ನೆಪ ಹೇಳಲು ಈಗ ಆಸ್ಪದವಿಲ್ಲ. ಮಾನವ ಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮದ ಪುಟ್ಟ ಬಿಲ್ಲೆಯ ಮೇಲೆ ವಸ್ತುವನ್ನು ಹಚ್ಚಿ, ತೊಳೆದು, ಸುಮಾರು 42 ಗಂಟೆ ಬಿಟ್ಟು ಹಳದಿ ದ್ರಾವಣದಲ್ಲಿ ಇಡುತ್ತಾರೆ. ಬದುಕಿರುವ ಕೋಶಗಳು ಆ ಹಳದಿಯನ್ನು ನೇರಳೆಯಾಗಿಸುತ್ತವೆ. ಜೀವಂತಿಕೆ ಶೇ. 50 ಅಥವಾ ಅದಕ್ಕಿಂತ ಕಡಿಮೆಯಾದರೆ ಆ ವಸ್ತು ಚರ್ಮವನ್ನು ಕೆರಳಿಸುತ್ತದೆಂದು ಲೆಕ್ಕ. ಇದು ಒಇಸಿಡಿಯ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ) 439ನೇ ಪರೀಕ್ಷಾ ಮಾರ್ಗಸೂಚಿ. ಇನ್ನು ಕಣ್ಣಿನ ವಿಷಯಕ್ಕೆ ಬಂದರೆ, ಮೊಲದ ಕಣ್ಣಿಗೆ ರಾಸಾಯನಿಕ ಹಾಕಿ, ದಿನಗಟ್ಟಲೆ ಕೆಂಪು, ಬಾವು, ಪಾರಪಟಲದ (ಕಾರ್ನಿಯಾ) ಮಬ್ಬುಗಳಿಗೆ ಅಂಕ ಕೊಡುವ ಡ್ರೇಜ್ ಪರೀಕ್ಷೆ 1944ರಷ್ಟು ಹಳೆಯದು. ಅದರ ಅಂಕಗಳು ನೋಡುವವರ ಕಣ್ಣನ್ನು ಅವಲಂಬಿಸಿದ್ದವೆಂಬುದನ್ನೂ ಮರೆಯಬಾರದು.

ಉತ್ತರ 2:
ಇದನ್ನು ಎಲ್ಲ ಪರೀಕ್ಷೆಗಳಿಗೂ ವಿಸ್ತರಿಸುವುದು ದುಡುಕು. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ದೇಹ ಸೇರುವ ವಸ್ತು ಯಕೃತ್ತಿನಲ್ಲಿ ಏನಾಗಿ ಮಾರ್ಪಡುತ್ತದೆ, ಗರ್ಭದ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದನ್ನು ಚರ್ಮದ ಬಿಲ್ಲೆ ಹೇಳಲಾರದು. ಇಂಥ ಪರೀಕ್ಷೆಗಳಿಗೆ ಪೂರ್ಣ ಪರ್ಯಾಯವಿಲ್ಲದಿದ್ದರೂ ಯುರೋಪಿಯನ್ ಒಕ್ಕೂಟ 2013ರ ಮಾರ್ಚ್‌ನಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟ ನಿಷೇಧವನ್ನು ಸಂಪೂರ್ಣಗೊಳಿಸಿತು. ಲಿಪ್‌ಸ್ಟಿಕ್ಕಿಗೆ ಹೊಸ ಬಣ್ಣ ಬರುವುದು ತಡವಾದರೆ ನಷ್ಟವೇನಿಲ್ಲ. ಕೀಟನಾಶಕದ ವಿಷಯದಲ್ಲಿ ಅಷ್ಟು ಧೈರ್ಯ ನನಗಿಲ್ಲ.

ಉತ್ತರ 3:
ಮೂಲ ಪ್ರಶ್ನೆಗೆ ಬರುವುದಾದರೆ, ಅಮೆರಿಕ 2022ರ ಡಿಸೆಂಬರ್‌ನಲ್ಲಿ ಔಷಧಗಳಿಗೆ ಸಂಬಂಧಿಸಿದಂತೆ ಮಾಡಿದ ತಿದ್ದುಪಡಿಯನ್ನು ನೋಡಿ. ಅದು ಪ್ರಾಣಿ ಪರೀಕ್ಷೆಯನ್ನು ನಿಷೇಧಿಸಲಿಲ್ಲ. 1938ರ ಕಾಯ್ದೆಯಿಂದ ಬಂದಿದ್ದ ಕಡ್ಡಾಯವನ್ನಷ್ಟೇ ತೆಗೆದು, ಇತರ ವಿಧಾನಗಳಿಗೂ ಬಾಗಿಲು ತೆರೆಯಿತು. ಬಾಗಿಲು ತೆರೆದ ಮಾತ್ರಕ್ಕೆ ಕಂಪನಿಗಳು ಒಳಗೆ ಬರುವುದಿಲ್ಲ: ಹೊಸ ವಿಧಾನದ ವರದಿಯನ್ನು ನಿಯಂತ್ರಕರು ತಿರಸ್ಕರಿಸಿಯಾರು ಎಂಬ ಭಯವಿರುವವರೆಗೆ ಅವು ಮುಂಜಾಗ್ರತೆಗೆಂದು ಪ್ರಾಣಿ ಪರೀಕ್ಷೆಯನ್ನೂ ಮಾಡಿಸಿಯೇ ಇಡುತ್ತವೆ. ಆದ್ದರಿಂದ ಅಂಗೀಕೃತ ವಿಧಾನಗಳ ಪಟ್ಟಿ ಮಸೂದೆಯ ಅನುಬಂಧದಲ್ಲಿರಬೇಕು, ಪಟ್ಟಿಯಲ್ಲಿರುವ ವಿಧಾನದ ವರದಿಯನ್ನು ನಿರಾಕರಿಸುವ ಅಧಿಕಾರಿ ಲಿಖಿತವಾಗಿ ಕಾರಣ ಕೊಡಬೇಕು. ಯುರೋಪಿನ ರಾಸಾಯನಿಕ ಕಾನೂನಿನಲ್ಲಿರುವಂತೆ, ಕಶೇರುಕಗಳ ಮೇಲೆ ಈಗಾಗಲೇ ನಡೆದ ಪರೀಕ್ಷೆಯ ಫಲಿತಾಂಶವನ್ನು ಕಂಪನಿಗಳು ಹಂಚಿಕೊಳ್ಳಲೇಬೇಕೆಂಬ ನಿಯಮವೂ ಬೇಕು.

ಪ್ರಶ್ನೆ ಕೇಳಿದವರು:
ಅನುಬಂಧದ ಸಲಹೆ ಉಪಯುಕ್ತವಾಗಿದೆ. ಆದರೆ ವಿಧಾನಗಳು ಬದಲಾದಂತೆಲ್ಲ ಪಟ್ಟಿಯನ್ನು ತಿದ್ದಲು ಪ್ರತಿ ಸಲವೂ ಶಾಸನಸಭೆಗೆ ಹೋಗಬೇಕೇ, ಅಧಿಸೂಚನೆ ಸಾಕೇ?

ಉತ್ತರ 3:
ಸೇರಿಸಲು ಅಧಿಸೂಚನೆ ಸಾಕು. ತೆಗೆಯಲು ಮಾತ್ರ ಶಾಸನಸಭೆಗೇ ಹೋಗಬೇಕು.