‘ಹಾರ್ಟ್ ಫೇಲ್ಯೂರ್’, ‘ಸ್ಕ್ರೀನಿಂಗ್’: ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಸಕ್ಕರೆ ಕಾಯಿಲೆಯವರಿಗಾಗಿ ಒಂದು ತಿಳಿವಳಿಕೆ ಪತ್ರವನ್ನು ಬರೆಯುತ್ತಿದ್ದೇನೆ. ಈ ಎರಡು ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕಾಗಿದೆ.

ಪತ್ರಿಕೆಗಳಲ್ಲಿ ಹೃದಯಾಘಾತ, ಹೃದಯಸ್ತಂಭನ, ಹೃದಯ ವೈಫಲ್ಯ ಈ ಮೂರೂ ಎಷ್ಟೋ ಸಲ ಒಂದೇ ಎಂಬಂತೆ ಬಳಕೆಯಾಗುತ್ತವೆ. ಹೃದಯದ ರಕ್ತನಾಳ ಕಟ್ಟಿಕೊಂಡು ಸ್ನಾಯುವಿಗೆ ಪೆಟ್ಟಾಗುವುದು ಆಘಾತ. ಬಡಿತವೇ ನಿಲ್ಲುವುದು ಸ್ತಂಭನ. ‘ಹಾರ್ಟ್ ಫೇಲ್ಯೂರ್’ ಎಂದು ನಾನು ಹೇಳಬೇಕಾಗಿರುವುದು, ಮೈಗೆ ಬೇಕಾದಷ್ಟು ರಕ್ತವನ್ನು ಒತ್ತಲಾರದೆ ಹೃದಯ ಬಲಗುಂದಿ, ಪಾದ ಊದಿಕೊಂಡು, ಮಲಗಿದರೆ ಉಸಿರು ಕಟ್ಟುವಂತಾಗುವ ಸ್ಥಿತಿಯನ್ನು. ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳೋಣವೆಂದರೆ, ‘ಹಾರ್ಟ್ ಫೇಲಾಯಿತು’ ಎಂಬುದಕ್ಕೆ ನಮ್ಮ ಆಡುಮಾತಿನಲ್ಲಿ ತೀರಿಕೊಂಡರು ಎಂದೇ ಅರ್ಥ. ‘ಹೃದಯ ದೌರ್ಬಲ್ಯ’ವೆಂದರೆ ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣನು ಅರ್ಜುನನಿಗೆ ಬಿಡು ಎನ್ನುವ ಅಳುಕು ನೆನಪಿಗೆ ಬರುತ್ತದೆ, ರೋಗಿ ಅದನ್ನು ತನ್ನ ಅಧೈರ್ಯವೆಂದು ತಿಳಿಯಬಾರದು. ನನ್ನ ಒಲವು ‘ಹೃದಯ ಸೋಲುವಿಕೆ’ಯ ಕಡೆಗಿದೆ. ‘ಕಾಲು ಸೋತು ಬಂತು’ ಎಂದಾಗ ಕಾಲಿನ ಕಥೆ ಮುಗಿಯಿತೆಂದು ಯಾರೂ ತಿಳಿಯುವುದಿಲ್ಲ, ಬಲ ಕುಂದಿದೆಯೆಂದಷ್ಟೇ ತಿಳಿಯುತ್ತಾರೆ. ಆದರೆ ‘ಮನಸೋಲು’ ಎಂಬುದರ ನಂಟಿನಿಂದ ಇದಕ್ಕೆ ಒಲವಿನ ಛಾಯೆ ಅಂಟೀತೇ ಎಂಬ ಸಂಶಯವೂ ಇದೆ.

ಎರಡನೆಯದು ‘ಸ್ಕ್ರೀನಿಂಗ್’. ಸಕ್ಕರೆ ಕಾಯಿಲೆಯವರಲ್ಲಿ ಯಾವ ಲಕ್ಷಣವೂ ಕಾಣದಿದ್ದರೂ ವರ್ಷಕ್ಕೊಮ್ಮೆಯಾದರೂ, ಹೃದಯ ಬಲಗುಂದುತ್ತಿದೆಯೇ ಎಂಬ ಸುಳಿವು ಕೊಡುವ ಬಿಎನ್‌ಪಿ ಅಥವಾ ಎನ್‌ಟಿ-ಪ್ರೊಬಿಎನ್‌ಪಿ ಎಂಬ ರಕ್ತಪರೀಕ್ಷೆ ಮಾಡಬೇಕೆಂದು ಅಮೆರಿಕದ ಮಧುಮೇಹ ಸಂಘದ 2022ರ ವರದಿ ಹೇಳುತ್ತದೆ. ಎನ್‌ಟಿ-ಪ್ರೊಬಿಎನ್‌ಪಿ ಒಂದು ಮಿಲಿಲೀಟರ್‌ಗೆ 125 ಪಿಕೊಗ್ರಾಂ ಅಥವಾ ಹೆಚ್ಚಿದ್ದರೆ ಮುಂದೆ ಎಕೋ ಪರೀಕ್ಷೆ, ಅಂದರೆ ಹೃದಯದ ಅಲ್ಟ್ರಾಸೌಂಡ್. ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ರೋಗ ಖಚಿತವಲ್ಲ. ಯಾರನ್ನು ಇನ್ನಷ್ಟು ಪರೀಕ್ಷಿಸಬೇಕೆಂದು ಬೇರ್ಪಡಿಸುವುದಷ್ಟೇ ಅದರ ಕೆಲಸ. ‘ತಪಾಸಣೆ’ಯಲ್ಲಿ ಈ ಬೇರ್ಪಡಿಸುವ ಅರ್ಥ ಇಲ್ಲ, ನರಳುತ್ತಿರುವವರನ್ನು ನೋಡುವುದೂ ತಪಾಸಣೆಯೇ. ‘ಶೋಧಿಸು’ ಎಂಬುದಕ್ಕಾದರೋ ಹುಡುಕು, ಬಟ್ಟೆಯಲ್ಲಿ ಸೋಸು ಎಂಬ ಎರಡೂ ಅರ್ಥಗಳಿರುವುದರಿಂದ ‘ಶೋಧಪರೀಕ್ಷೆ’ ಎನ್ನಬಹುದೆಂದು ತೋರುತ್ತದೆ.

ಸೋಸುವ ಅರ್ಥದಲ್ಲಿ ‘ಶೋಧಿಸು’ ನಿಮ್ಮ ಸೀಮೆಯ ಅಡುಗೆಮನೆಯಲ್ಲಿ ಇಂದಿಗೂ ಬಳಕೆಯಲ್ಲಿದೆಯೇ? ಮತ್ತು ‘ನಿಮ್ಮ ಹೃದಯ ಸೋಲುತ್ತಿದೆಯೇ ಎಂದು ನೋಡೋಣ’ ಎಂದು ವೈದ್ಯರು ಹೇಳಿದರೆ ನಿಮ್ಮ ಮನೆಯ ಹಿರಿಯರು ಅದನ್ನು ಹೇಗೆ ಅರ್ಥಮಾಡಿಕೊಂಡಾರು? ದಯವಿಟ್ಟು ಅವರನ್ನೇ ಕೇಳಿ ತಿಳಿಸಿ.