ಪದ ಬೇಕಿದೆ: ಮನೋರೋಗ ಶುಶ್ರೂಷೆಯಲ್ಲಿ ‘ನಾನ್‌ಕಂಪ್ಲಯನ್ಸ್’

ಬಳ್ಳಾರಿಯಿಂದ:
ನಮಸ್ಕಾರ. ಮನೋರೋಗ ವಿಭಾಗದ ನರ್ಸ್‌ಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಡಿದ್ದು ಅಚ್ಚಿಗೆ ಹೋಗಬೇಕು. ‘ನಾನ್‌ಕಂಪ್ಲಯನ್ಸ್’ ಅಂದರೆ ಹೇಳಿದ ಚಿಕಿತ್ಸೆಯನ್ನು ಪಾಲಿಸದಿರುವುದು. ಹಳೆಯ ಕರಡಿನಲ್ಲಿ ಮಾತ್ರೆ ಬಿಟ್ಟವರನ್ನು ‘ಅವಿಧೇಯ ರೋಗಿ’ ಎಂದಿದ್ದಾರೆ. ಹನ್ನೆರಡು ವರ್ಷ ವಾರ್ಡಿನಲ್ಲಿ ದುಡಿದವಳು ನಾನು, ಹಾಗೆ ಬರೆಯಲು ಕೈ ಬರುತ್ತಿಲ್ಲ. ಕೈ ನಡುಗುತ್ತದೆ, ಹಗಲೆಲ್ಲ ತೂಕಡಿಕೆ, ಮೈ ಊದಿಕೊಂಡಿತು ಎಂದು ಬಿಡುತ್ತಾರೆ. ವಾಸಿಯಾಯಿತಲ್ಲ ಎಂದು ಬಿಡುವವರೂ ಇದ್ದಾರೆ. ಒಂದು ದಿನದ ಕೂಲಿ ಕಳೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಬರಲಾಗದೆ ಬಿಟ್ಟವರು ಎಷ್ಟೋ. ಆರೈಕೆ ಪಡೆಯುವವರನ್ನು ಕರೆಯುವ ‘ಕ್ಲೈಂಟ್’ಗೂ ಒಂದು ಪದ ತಿಳಿಸಿ.

ಮೈಸೂರಿನಿಂದ:
‘ಪಥ್ಯಭಂಗ’ ಎನ್ನಿ. ಪಥ್ಯ ಬರೀ ಊಟದ ಕಟ್ಟಲ್ಲ. ‘ಪಥ’ದಿಂದ ಬಂದದ್ದು, ಹಿಡಿದ ದಾರಿಗೆ ಹಿತವಾದದ್ದು. ‘ಕಕ್ಷಿದಾರ’ ಕೋರ್ಟಿನದು, ‘ಗ್ರಾಹಕ’ ಅಂಗಡಿಯದು. ‘ರೋಗಿ’ ಸಾಕು.

ತುಮಕೂರಿನಿಂದ:
ಪಥ್ಯವೂ ಬೇಡ, ಭಂಗವೂ ಬೇಡ. ಹಳಗನ್ನಡದ ‘ಮರ್ದು’ ನಮ್ಮದು, ತಮಿಳಿನ ಮರುಂದು, ತೆಲುಗಿನ ಮಂದು ಅದರ ಒಡಹುಟ್ಟು. ‘ಮದ್ದುಬಿಡುಗೆ’ ಎಂದು ಬರೆಯಿರಿ. ಮಾತು ಮುಗಿಯಿತು.

ಮಂಡ್ಯದಿಂದ:
ಮುಗಿಯಲಿಲ್ಲ ಸ್ವಾಮಿ. ನಮ್ಮ ಕಡೆ ‘ಮದ್ದು ಹಾಕವ್ರೆ’ ಅಂದರೆ ಊಟಕ್ಕೆ ವಿಷವನ್ನೋ ವಶೀಕರಣದ ಪುಡಿಯನ್ನೋ ಬೆರೆಸಿದ್ದಾರೆ ಅಂತ. ಮನೆಯವರೇ ಅನ್ನದಲ್ಲಿ ಏನೋ ಕಲಸುತ್ತಾರೆ ಎಂಬ ಶಂಕೆಯಲ್ಲೇ ಬೇಯುತ್ತಿರುವವರಿಗೆ ‘ಮದ್ದು’ ಎಂದು ಬರೆದ ಚೀಟಿ ಕೊಡುತ್ತೀರಾ? ಮುದ್ದೆಯೊಳಗೆ ಮಾತ್ರೆ ಅಡಗಿಸಿಟ್ಟು ತಿನ್ನಿಸುವ ಮನೆಗಳೂ ಇವೆ. ಗೊತ್ತಾದ ದಿನ ಊಟವೂ ನಿಲ್ಲುತ್ತದೆ.

ತುಮಕೂರಿನಿಂದ:
‘ಚುಚ್ಚುಮದ್ದು’ ಅನ್ನಲು ಯಾರಿಗೂ ಅಂಜಿಕೆಯಿಲ್ಲ. ಸಂಸ್ಕೃತದ ಹಂಗು ಬಿಡಲಾಗದವರಿಗೆ ನೂರು ನೆಪ.

ಧಾರವಾಡದಿಂದ:
ಅಲ್ರೀ, ನಮ್ಮ ಕಡೆ ‘ಗುಳಿಗಿ ಬಿಟ್ಟಾರ’ ಅಂತಾರ. ಗುಳಿಗಿನೂ ಸಂಸ್ಕೃತದ್ದ, ಅದಕ್ಕ ಯಾರೂ ನುಂಗೂದು ಬಿಟ್ಟಿಲ್ಲ. ಇಂಗ್ಲಿಷ್‌ನ್ಯಾಗ ‘ಕಂಪ್ಲಯನ್ಸ್’ (ಹೇಳಿದ್ದನ್ನ ಪಾಲಿಸೂದು) ಹಿಂದ ಸರಿದು ‘ಅಡ್ಹಿಯರೆನ್ಸ್’ (ಒಪ್ಪಿಕೊಂಡ ಚಿಕಿತ್ಸೆ ಬಿಡದ ಹಿಡಿಯೂದು) ಬಂದೈತಿ. ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಗೆ ಆ ಹೆಸರನ್ನ ಇಟ್ಟದ. ಚಿಕಿತ್ಸೆ ನಡುವ ಬಿಟ್ಟ ಕ್ಷಯದವರನ್ನ ‘ಡಿಫಾಲ್ಟರ್’ ಅನ್ನೂದನ್ನೂ 2013ಕ್ಕ ಬಿಟ್ಟರು. ಅವರು ಕೈಬಿಟ್ಟ ಪದಕ್ಕ ನಾವ್ಯಾಕ ಜಗಳಾಡೂದು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ತನ್ನ ಚಿಕಿತ್ಸೆ ಹೆಂಗಿರಬೇಕು, ಹೆಂಗಿರಬಾರದು ಅಂತ ಮೊದಲ ಬರೆದಿಡೂ ಹಕ್ಕು ರೋಗಿಗೆ ಐತಿ. ಇನ್ನ ವಿಧೇಯತೆ ಎಲ್ಲಿಂದ ಬಂತು?

ನನ್ನ ಸಲಹೆ ‘ತಪ್ಪು’ ಧಾತು, ಅಕರ್ಮಕವಾಗೇ ಇರಲಿ. ‘ಮಾತ್ರೆ ತಪ್ಪಿಸಿದ’ ಅಂದ್ರ ಆರೋಪ. ‘ಮಾತ್ರೆ ತಪ್ಪಿದೆ’ ಅಂದ್ರ ಬಸ್ ತಪ್ಪಿಧಂಗ, ಯಾಕ ಅಂತ ಕೇಳಾಕ ಬಾಯಿ ಬರ್ತದ.

ಮೈಸೂರಿನಿಂದ:
‘ತಪ್ಪು’ ಎಂದರೆ ಅಪರಾಧವೂ ಹೌದು. ಒಪ್ಪಲಾರೆ.

ಬಳ್ಳಾರಿಯಿಂದ:
ಧಾರವಾಡದ ಸರ್‌ಗೆ ಕೈಮುಗಿದೆ. ಅಧ್ಯಾಯದ ಹೆಸರು ‘ಚಿಕಿತ್ಸೆ ತಪ್ಪಿದಾಗ’. ನಮೂನೆಯಲ್ಲಿ ‘ಅವಿಧೇಯ: ಹೌದು/ಅಲ್ಲ’ ಇದ್ದ ಜಾಗಕ್ಕೆ ‘ಮಾತ್ರೆ ಯಾವಾಗಿನಿಂದ ತಪ್ಪಿದೆ? ಏನು ತೊಂದರೆಯಾಯಿತು?’ ಎಂದು ಹಾಕಿ, ಬರೆಯಲು ನಾಲ್ಕು ಸಾಲು ಬಿಟ್ಟಿದ್ದೇನೆ. ಕ್ಲೈಂಟ್‌ಗೆ ‘ಆರೈಕೆಯಲ್ಲಿರುವವರು’, ಉದ್ದವಾಯಿತು, ಇರಲಿ. ತುಮಕೂರಿನವರೇ, ದಿನಾ ಮಾತ್ರೆ ನುಂಗಲಾಗದವರಿಗೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನಿನ ಪುಟದಲ್ಲಿ ನಿಮ್ಮ ‘ಚುಚ್ಚುಮದ್ದು’ ಹಾಗೇ ಇದೆ.