ಲೈವ್‌ನಲ್ಲಿ ಹಾಡಿದ್ದು ಕೋಡಗನ ಕೋಳಿನೋ, ಕೊಡಗಿನ ಕೋಳಿನೋ?

ಬೇಸ್‌ತಂತಿ:
ಎಲ್ರಿಗೂ ನಮಸ್ಕಾರ. ಹೋದ ಶನಿವಾರ ಮೈಸೂರಲ್ಲಿ ಒಂದು ಕಾಲೇಜ್ ಫೆಸ್ಟ್‌ಗೆ ಹೋಗಿದ್ದೆ, ಕೊನೇಲಿ ಒಂದು ರಾಕ್ ಬ್ಯಾಂಡ್ ಇತ್ತು (ಹೆಸರು ಹೇಳಲ್ಲ, ಹುಡುಗರು ಈಗಷ್ಟೇ ಶುರು ಮಾಡಿದಾರೆ), ಶರೀಫಜ್ಜನ ಕೋಡಗನ ಕೋಳಿ ಎತ್ಕೊಂಡ್ರು ನೋಡಿ, ಡಿಸ್ಟಾರ್ಷನ್ ಗಿಟಾರು, ಎರಡು ಕಾಲಲ್ಲೂ ಡ್ರಮ್ ಒದೀತಾ ಇದಾನೆ, ಮೈ ಜುಂ ಅಂತು. ಆದ್ರೆ ನನ್ನ ಕಿವಿಗೆ ಬಿದ್ದಿದ್ದು ಪಕ್ಕಾ "ಕೊಡಗಿನ ಕೋಳಿ ನುಂಗಿತ್ತ". ಪಕ್ಕದಲ್ಲಿದ್ದ ಫ್ರೆಂಡು ಇಲ್ಲ ಕಣೋ ಸರಿಯಾಗೇ ಹಾಡಿದ್ದು ಅಂತಾನೆ. ಜೊತೇಲಿದ್ದ ಇನ್ನೊಬ್ಳು ಮಡಿಕೇರಿಯವಳು, ನಾನು ಚಿಕ್ಕಂದಿನಿಂದ ಅದು ನಮ್ಮೂರ ಕೋಳಿ ಅಂತಾನೇ ಅಂದ್ಕೊಂಡಿದ್ದೆ ಅಂದ್ಲು. ಇನ್ನೊಂದು, "ಪಾತರದವಳ ಮದ್ದಲಿ ನುಂಗಿತ್ತ" (ಪಾತರದವಳು ಅಂದ್ರೆ ಕುಣಿಯೋಳು, ಮದ್ದಲಿ ಅಂದ್ರೆ ಮದ್ದಳೆ) ಅನ್ನೋ ಕಡೆ ನಂಗೆ "ಮದುವೆ ನುಂಗಿತ್ತ" ಅಂತ ಕೇಳಿಸ್ತು. ಬೇಕಂತಲೇ ಬದಲಾಯಿಸಿದ್ರಾ, ಮರೆತ್ರಾ, ಅಥವಾ ನನ್ನ ಕಿವೀನೇ ಸರಿ ಇಲ್ವಾ? ಆ ಶೋನಲ್ಲಿ ಇದ್ದವರು ಯಾರಾದ್ರೂ ಇದೀರಾ? ಇಲ್ದಿದ್ರೂ ಪರವಾಗಿಲ್ಲ, ಹಾಡು ಗೊತ್ತಿರೋರು ಹೇಳಿ.

ಹಾವೇರಿ_ಮಂದಿ:
ತಮ್ಮಾ, ಕೋಡಗ ಅಂದ್ರ ಮಂಗ್ಯಾ. ಕೊಡಗಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಕೋಡಗನ ಅಂದ್ರ ಅಲ್ಲಿ "ಕೋಡಗನನ್ನ" ಅಂತ ಅರ್ಥ, ಕೋಳಿ ಮಂಗ್ಯಾನ್ನ ನುಂಗ್ತು. ನೀ ಕೇಳಿದಂಗ "ಕೊಡಗಿನ ಕೋಳಿ ನುಂಗಿತ್ತ" ಅಂದ್ರ ಆ ಕೋಳಿ ಏನು ನುಂಗ್ತು ಹೇಳು? ನುಂಗಿಸ್ಕೊಂಡವರೇ ಇಲ್ಲದಂಗ ಆತು. ಆಡು ಆನೀನ್ನ ನುಂಗೂದು, ಗ್ವಾಡಿ ಸುಣ್ಣಾ ನುಂಗೂದು, ಹಿಂಗ ನುಂಗ್ಕೋತ ನುಂಗ್ಕೋತ ಹೋಗಿ ಕಡೀಕ ಗುರು ಗೋವಿಂದನ ಪಾದ ನನ್ನನ್ನ ನುಂಗಿತ್ತ ಅಂತ ಬಂದು ನಿಲ್ತದ. ಮೊದಲನೇ ಸಾಲಿನಾಗ ಮಂಗ್ಯಾ ಇರಲಿಲ್ಲಂದ್ರ ಕಡೀ ಸಾಲಿಗೆ ಜೀವ ಎಲ್ಲಿಂದ ಬರಬೇಕು? ಮಂಗ್ಯಾನಂಥ ಮನಸ್ಸು, ಅದನ್ನ ನುಂಗಬೇಕಾದ್ದು ಏನು ಅನ್ನೂದ ಇಡೀ ಪದದ ಮಾತು, ನಮ್ಮ ಹಿರಿಯರು ಹಿಂಗ ಬಿಡಿಸಿ ಹೇಳ್ತಿದ್ರು. ಶರೀಫಜ್ಜ 1819ರಾಗ ಹುಟ್ಟಿದವರು, ಶಿಶುನಾಳ ಈಗ ನಮ್ಮ ಶಿಗ್ಗಾಂವಿ ತಾಲೂಕು. ಇಲ್ಲಿ ಭಜನಿ ಮ್ಯಾಳದಾಗ ಇವತ್ತಿಗೂ ಏಕತಾರಿ ಹಿಡದು ಹಾಡ್ತಾರ, ಒಬ್ಬರೂ ಕೊಡಗು ಅನ್ನೂದಿಲ್ಲ. ಇನ್ನೊಂದು ನನಗ ಸಂಕಟ ಆಗೂದು, "ಸೋರುತಿಹುದು ಮನೆಯ ಮಾಳಿಗಿ" ಪದದಾಗ ಮಾಳಿಗಿ ಅನ್ನೂದನ್ನ ಮಾಳಿಗೆ ಅಂತ, ಇಲ್ಲಿ ನುಂಗಿತ್ತ ಅನ್ನೂದನ್ನ ನುಂಗಿತ್ತು ಅಂತ ತಿದ್ದಿ ಹಾಡ್ತಾರಲ್ಲ, ಅದು. ನಮ್ಮ ಮಾತು ತಪ್ಪು ಅಂತ ಯಾರು ಹೇಳ್ಯಾರ ಅವರಿಗೆ?

ಮಿಕ್ಸರ್_ಹಿಂದೆ:
ನಾನು ಲೈವ್ ಸೌಂಡ್ ಕೆಲಸ ಮಾಡೋನು, ಎರಡು ವಿಷಯ ಹೇಳ್ತೀನಿ. ಮಾತಿನ ವ್ಯಂಜನ ಸ್ಪಷ್ಟವಾಗಿ ಕೇಳೋದಕ್ಕೆ ಬೇಕಾದ್ದೆಲ್ಲ ಹೆಚ್ಚುಕಮ್ಮಿ 2ರಿಂದ 4 ಕಿಲೋಹರ್ಟ್ಜ್ ಒಳಗೆ ಇರುತ್ತೆ, ಡಿಸ್ಟಾರ್ಷನ್ ಗಿಟಾರೂ ಸಿಂಬಲ್ಲೂ ಬಂದು ಕೂರೋದು ಅದೇ ಜಾಗದಲ್ಲಿ. ಗಾಯಕ ಮೈಕ್ ಬಾಯಿಗೇ ಅಂಟಿಸ್ಕೊಂಡು ಹಾಡಿದ್ರೆ ತಳದ ಗುಂಗು ಜಾಸ್ತಿಯಾಗಿ ದ್ದ, ಲ ಎಲ್ಲ ಮುಳುಗೋಗುತ್ತೆ. ಮದ್ದಲಿ ಹೋಗಿ ಮದುವೆ ಆಗೋದಕ್ಕೆ ಅಷ್ಟು ಸಾಕು, ಕಿವಿ ಅರ್ಧ ಕೇಳಿ ಉಳಿದರ್ಧ ತನಗೆ ಗೊತ್ತಿರೋ ಪದದಿಂದ ತುಂಬ್ಕೊಳತ್ತೆ, ಮದ್ದಳೆ ಯಾರು ದಿನಾ ಅಂತಾರೆ ಈಗ.

ಆದ್ರೆ ಕೊಡಗು ವಿಷಯ ಬರೀ ಸೌಂಡ್‌ದಲ್ಲ ಅನ್ಸುತ್ತೆ. ಲೆಕ್ಕ ಹಾಕಿ ನೋಡಿ. ಕೋ ಎರಡು ಮಾತ್ರೆ, ಡ ಗ ನ ಒಂದೊಂದು, ಒಟ್ಟು 5. ರಾಕ್‌ನ ನಾಲ್ಕರ ಬೀಟಿಗೆ ಐದು ಕೂರಲ್ಲ. ಹಳೇ ಹಾಡುಗಾರರು "ಕೋಡಗಾನ" ಅಂತ ಗಾ ಎಳೆದು 6 ಮಾಡ್ಕೋತಾರೆ, ಆರಾಮಾಗಿ ತೂಗುತ್ತೆ. ಸ್ಪೀಡ್ ಏರಿಸಿದಾಗ ಎಳೆಯೋಕೆ ಜಾಗ ಇಲ್ಲ, ಕೋ ಹೋಗಿ ಕೊ ಆಗುತ್ತೆ, ಆವಾಗ ನಾಲ್ಕು ಲಘು ನಾಲ್ಕು ಹೊಡೆತಕ್ಕೆ ಟಕಟಕ ಅಂತ ಕೂತ್ಕೊಳತ್ತೆ, ಕೇಳೋರಿಗೆ ಕೊಡಗು ಆಗೋಗುತ್ತೆ. ಆ ಹುಡುಗ ಬೇಕಂತ ಮಾಡಿರಲ್ಲ, ತಾಳ ಮಾಡಿಸಿರುತ್ತೆ.

ಹಳೇರಾಕ್_ಜಯನಗರ:
ಇಂಥವು ರಾಕ್‌ನಲ್ಲಿ ಹೊಸದೇನಲ್ಲ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಅನ್ನೋ ಅಮೆರಿಕದ ಬ್ಯಾಂಡ್‌ನ 1969ರ ಹಾಡಲ್ಲಿ "ಬ್ಯಾಡ್ ಮೂನ್ ಆನ್ ದ ರೈಸ್" ಅಂತ ಬರುತ್ತಲ್ಲ, ಜನ ಅದನ್ನ "ಬಾತ್‌ರೂಮ್ ಆನ್ ದ ರೈಟ್" ಅಂತ ಕೇಳಿಸ್ಕೊಂಡು ಕೇಳಿಸ್ಕೊಂಡು ಕೊನೆಗೆ ಬರೆದ ಜಾನ್ ಫೋಗರ್ಟಿನೇ ಸ್ಟೇಜ್ ಮೇಲೆ ಹಂಗೇ ಹಾಡೋಕೆ ಶುರು ಮಾಡಿದ್ರು. ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ "ಕಿಸ್ ದ ಸ್ಕೈ" ಅಂದಿದ್ದನ್ನ "ಕಿಸ್ ದಿಸ್ ಗೈ" ಅಂತ ಕೇಳಿದವರಿಗೆ ಲೆಕ್ಕ ಇಲ್ಲ. ಹಿಂಗೆ ತಪ್ಪಾಗಿ ಕೇಳಿದ ಸಾಲಿಗೆ ಇಂಗ್ಲಿಷಲ್ಲಿ ಮಾಂಡೆಗ್ರೀನ್ ಅಂತಲೇ ಹೆಸರಿದೆ, ಸಿಲ್ವಿಯಾ ರೈಟ್ ಅನ್ನೋ ಲೇಖಕಿ 1954ರಲ್ಲಿ ಇಟ್ಟಿದ್ದು. ಚಿಕ್ಕವಳಿದ್ದಾಗ ಅಮ್ಮ ಓದ್ತಿದ್ದ ಲಾವಣಿಯಲ್ಲಿ "ಲೇಡ್ ಹಿಮ್ ಆನ್ ದ ಗ್ರೀನ್", ಅಂದ್ರೆ ಅವನನ್ನ ಹುಲ್ಲಿನ ಮೇಲೆ ಮಲಗಿಸಿದ್ರು ಅನ್ನೋದನ್ನ ಆಯಮ್ಮ "ಲೇಡಿ ಮಾಂಡೆಗ್ರೀನ್" ಅಂತ ಕೇಳಿ, ಸತ್ತವನ ಜೊತೆ ಒಬ್ಬ ಹೆಂಗಸೂ ಸತ್ಲು ಅಂತ ನಂಬಿದ್ರಂತೆ. ಅದಕ್ಕೇ ನಾನು ಹೇಳೋದು, ಜನ ಪ್ರೀತಿಯಿಂದ ತಪ್ಪು ಕೇಳಿದ್ರೆ ಬಿಡಿ, ಹಾಡು ಬದುಕಿದೆ ಅಂತ ಅರ್ಥ.

ಹಾವೇರಿ_ಮಂದಿ:
ಫೋಗರ್ಟಿ ಅವರು ಬರದವರು, ತಮ್ಮ ಹಾಡನ್ನ ತಾವು ತಿರುವ್ಯಾರ, ಒಪ್ಪತೀನಿ. ಇಲ್ಲಿ ಬರದವರು 1889ರಾಗ ಹೋಗ್ಯಾರ. ಅವರ ಪರವಾಗಿ ಯಾರು ಕೇಳಬೇಕು?

ಖಣದ_ಅಂಚು:
ನಂಗೂ ಒಂದು ಹೇಳಬೇಕು, ಯಾಕಂದ್ರೆ ನಮ್ಮ ಮನೆಯದೇ ಕಥೆ ಇದು. ಅದೇ ಹಾಡಲ್ಲಿ ಹಗ್ಗ ಮಗ್ಗವ ನುಂಗಿ, ಮಗ್ಗವ ಲಾಳಿ ನುಂಗಿ ಅಂತ ಬರುತ್ತೆ, ಆಮೇಲೆ ಮಗ್ಗದಲ್ಲಿರೋ ಅಣ್ಣನ ಕುಣಿ ನುಂಗಿತ್ತ ಅಂತ. ನಾನು ಬೆಂಗಳೂರಲ್ಲಿ ಕೇಳಿದ ಒಂದು ಬ್ಯಾಂಡ್ ಅಲ್ಲಿ "ಕುಣಿದು ನುಂಗಿತ್ತ" ಅಂತ ಹಾಡಿ ಜನರನ್ನೂ ಕುಣಿಸ್ತು. ಕುಣಿ ಅಂದ್ರೆ ಕುಣಿಯೋದಲ್ಲ, ತಗ್ಗು. ನಮ್ಮ ಅಜ್ಜ ಗುಳೇದಗುಡ್ಡದಲ್ಲಿ ಖಣ ನೇಯ್ತಿದ್ರು, ಕುಣಿಮಗ್ಗ, ನೆಲದಲ್ಲಿ ತಗ್ಗು ತೋಡಿ ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯೋದು. ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತು ನೋಡಿದ್ರೆ ಸೊಂಟದ ಮೇಲಿನ ಅಜ್ಜ ಅಷ್ಟೇ ಕಾಣ್ತಿದ್ರು, ಕೆಳಗಿನ ಅಜ್ಜ ನೆಲದಲ್ಲಿ. ಬೆಳಿಗ್ಗೆ ಇಳಿದವರು ಊಟಕ್ಕೆ ಒಂದ್ಸಲ ಮೇಲೆ ಬಂದ್ರೆ ಮತ್ತೆ ದೀಪ ಹಚ್ಚೋ ಹೊತ್ತಿಗೇ ಮೇಲೆ ಬರೋದು, ಕೈ ಊರಿ, ಮಂಡಿ ಹಿಡ್ಕೊಂಡು. ಆ ಸಾಲು ಮೊದಲ ಸಲ ಅರ್ಥ ಆದಾಗ ನಾನು ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಅತ್ತುಬಿಟ್ಟೆ. ಅಲ್ಲೂ ಅದೇ ವ್ಯಾಕರಣ ನೋಡಿ, ಅಣ್ಣನ ಕುಣಿ ಅಲ್ಲ, ಅಣ್ಣನನ್ನ ಕುಣಿ ನುಂಗ್ತು. ಪಾತರದವಳ ಮದ್ದಳೆ ಅಲ್ಲ, ಪಾತರದವಳನ್ನೇ ಮದ್ದಳೆ ನುಂಗ್ತು. ಒಂದು "ನ್ನ" ಹಾಡಿನ ಹೊರಗೆ ನಿಂತಿದೆ, ಕೇಳೋರು ಅದನ್ನ ತುಂಬ್ಕೋಬೇಕು, ಹಾಡೋರಿಗೆ ಮೊದಲು ಗೊತ್ತಿರಬೇಕು.

ತತ್ವಪದ_ಪ್ರೇಮಿ:
ಎಲ್ಲ ಬದಲಾವಣೇನೂ ಒಂದೇ ತಕ್ಕಡೀಲಿ ತೂಗಬೇಡಿ ಪ್ಲೀಸ್. ಈ ಪದಗಳು ಬಾಯಿಂದ ಬಾಯಿಗೆ ಬಂದವು, ಪುಸ್ತಕ ಆಗಿದ್ದು ಆಮೇಲೆ, ಅಚ್ಚಲ್ಲೂ ಕೋಡಗನ, ಕೋಡಗಾನ ಎರಡೂ ಸಿಗುತ್ತೆ. ಸಿ. ಅಶ್ವಥ್ ಹಾಡಿರದಿದ್ರೆ ನಮ್ಮ ಕಡೆ ಎಷ್ಟು ಮನೆಗೆ ಶರೀಫರು ಗೊತ್ತಿರ್ತಿದ್ರು? ರಘು ದೀಕ್ಷಿತ್ ಅವರ 2008ರ ಆಲ್ಬಮ್ಮಲ್ಲಿ ಗುಡುಗುಡಿ ಪದ ಗಿಟಾರ್ ಜೊತೆ ಬಂದ ಮೇಲೆ ನನ್ನ ತಮ್ಮ, ಕನ್ನಡ ಹಾಡು ಅಂದ್ರೆ ಮೂಗು ಮುರೀತಿದ್ದೋನು, ಗುಡುಗುಡಿ ಅಂದ್ರೇನು ಅಂತ ಅಪ್ಪನ್ನ ಕೇಳ್ದ. ಹುಕ್ಕಾ ಕಣೋ ಅಂತ ಅಪ್ಪ ಹೇಳಿ, ಒಡಲಿನ ರೋಗ ತೆಗೆದು ಈಡಾಡು ಅನ್ನೋವರೆಗೂ ಬಿಡಿಸಿದ್ರು, ಅವತ್ತು ರಾತ್ರಿ ಹನ್ನೊಂದಾಯ್ತು ನಾವು ಮಲಗಿದ್ದು. ಹಾಗಾಗಿ ರಾಗ ಬದಲಾಗಲಿ, ತಾಳ ಬದಲಾಗಲಿ, ಒಂದೆರಡು ಚರಣ ಬಿಟ್ರೂ ನಂಗೆ ಬೇಜಾರಿಲ್ಲ. ಕೋಡಗ, ಕುಣಿ, ಮದ್ದಲಿ ಇವು ಮಾತ್ರ ಬೇಡ. ಮಾತಲ್ಲಿ ಹೋಗಿರೋ ಪದಗಳು ಹಾಡಲ್ಲಷ್ಟೇ ಉಸಿರಾಡ್ತಿವೆ, ಅಲ್ಲೂ ತೆಗೆದ್ರೆ ಇನ್ನೆಲ್ಲಿ ಹುಡುಕೋದು.

ಬೇಸ್‌ತಂತಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೆಲ್ಲಾ ಇದೆ ಅಂತ ಗೊತ್ತೇ ಇರ್ಲಿಲ್ಲ. ಫ್ರೆಂಡ್ ಫೋನಲ್ಲಿ ವಿಡಿಯೋ ಸಿಕ್ತು, ಸ್ಪೀಡ್ ಕಮ್ಮಿ ಮಾಡಿ ನಾಲ್ಕೈದು ಸಲ ಕೇಳಿದೆ. ಮೊದಲ ಸುತ್ತಲ್ಲಿ ಅವನು ಸರಿಯಾಗೇ ಕೋಡಗನ ಅಂತಾನೆ, ಕೋ ಉದ್ದ ಇದೆ, ಅಂದ್ರೆ ನನ್ನ ಫ್ರೆಂಡು ಹೇಳಿದ್ದೂ ನಿಜ. ಎರಡನೇ ಸಲ ಡ್ರಮ್ ಸ್ಪೀಡ್ ಆಯ್ತು, ಅಲ್ಲಿ ಮೈಕ್ ನಮ್ಮ ಕಡೆ ತಿರುಗಿಸ್ದ, ಕೊಡಗಿನ ಅಂತ ಕೂಗಿದ್ದು ನಾವು, ಮುಂದಿನ ಸಾಲಲ್ಲಿ ಇದ್ದ ನೂರಿನ್ನೂರು ಜನ, ನನ್ನ ದನೀನೂ ಕೇಳ್ತಿದೆ. ಮೂರನೇ ಸಲದಿಂದ ಅವನೂ ನಮ್ಮ ಥರಾನೇ ಹಾಡ್ತಾನೆ. ಮದ್ದಲಿ ಮಾತ್ರ ಮೂರೂ ಸಲ ಸರಿಯಾಗಿದೆ, ಅದು ಪೂರ್ತಿ ನನ್ನ ಕಿವಿ. ಬ್ಯಾಂಡ್‌ನ ಹುಡುಗನಿಗೆ ಮೆಸೇಜ್ ಮಾಡಿ ಈ ಮಾತ್ರೆ ಲೆಕ್ಕ ಕಳಿಸಿದೀನಿ, ಕೋಡಗಾನ ಅಂತ ಎಳೆಯೋ ಹಾಗೆ ಬೀಟು ಆರಕ್ಕೆ ಹಾಕಿದ್ರೆ ಹೆಂಗಿರುತ್ತೆ ಅಂತ ಪ್ರಾಕ್ಟೀಸಲ್ಲಿ ನೋಡ್ತೀವಿ ಅಂದಿದಾನೆ. @ಖಣದ_ಅಂಚು, ನಿಮ್ಮಜ್ಜನ ಮಗ್ಗದ ಫೋಟೋ ಇದ್ರೆ ಹಾಕ್ತೀರಾ, ಅವನಿಗೂ ತೋರಿಸ್ಬೇಕು.